ಪರಿಚಯವಿಲ್ಲದ ಆಪರೇಟಿಂಗ್ ಸಿಸ್ಟಂ, ಹಲವು ಥ್ರೆಡ್‌ಗಳ ಪ್ರೋಗ್ರಾಂ: ಕೈಗೆ ಒಗ್ಗುವ ಡಿಬಗರ್ ಆರಿಸಿಕೊಳ್ಳುವ ಬಗೆ

ಜನವರಿಯ ಒಂದು ಸಂಜೆ. ಸೋಮವಾರಪೇಟೆ ಕಡೆಯ ತೋಟವೊಂದರಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿತ್ತು. ಹಣ್ಣಿನ ಚೀಲಗಳು ತೂಕಕ್ಕೆ ಸಾಲಾಗಿ ಕಾದಿದ್ದವು. ತಕ್ಕಡಿಯ ಅಂಕಿ ಓದುವುದಕ್ಕೆ ಒಂದು ಥ್ರೆಡ್ (ಪ್ರೋಗ್ರಾಂ ಒಳಗೆ ಉಳಿದವುಗಳ ಜೊತೆಜೊತೆಗೇ ಓಡುವ ಕೆಲಸದ ಎಳೆ), ಕೊಯ್ದವರ ಹೆಸರಿನ ಮುಂದೆ ಅದನ್ನು ಬರೆಯುವುದಕ್ಕೆ ಇನ್ನೊಂದು, ಮಡಿಕೇರಿಯ ಕಚೇರಿಗೆ ಕಳುಹಿಸುವುದಕ್ಕೆ ಮತ್ತೊಂದು. ಹೀಗೆ ಮೂರು ಥ್ರೆಡ್‌ಗಳಿದ್ದ ಆ ಪ್ರೋಗ್ರಾಂ ಬರೆದವನು ನಾನೇ. ಸಾಲಿನ ಅರ್ಧ ಮುಗಿಯುವಷ್ಟರಲ್ಲಿ ಪರದೆಯ ಅಂಕಿ ಕದಲದೆ ನಿಂತುಬಿಟ್ಟಿತು. ತೋಟದ ಲೆಕ್ಕ ಬರೆಯುವ ರೈಟರ್ ಹಳೆಯ ಪುಸ್ತಕ ತೆಗೆದು ಪೆನ್ನಿನಲ್ಲಿ ಬರೆಯತೊಡಗಿದರು. ಬೆಳಗಿನಿಂದ ಗಿಡದ ಬುಡದಲ್ಲಿ ನಿಂತು ದಣಿದಿದ್ದ ಹೆಂಗಸರು ಕತ್ತಲಾಗುವವರೆಗೂ ಅಲ್ಲೇ ಕಾಯಬೇಕಾಯಿತು.

ನಾನು ಅನೇಕ ವರ್ಷ ವಿಂಡೋಸ್‌ನಲ್ಲಿ, ವಿಷುಯಲ್ ಸ್ಟುಡಿಯೋದಲ್ಲಿ ಕೆಲಸ ಮಾಡಿದವನು. ಆ ತೋಟದ ಹಳೆಯ ಕಂಪ್ಯೂಟರಿಗೆ ಎರಡು ವಾರಗಳ ಹಿಂದಷ್ಟೇ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ್ದೆ. ಜಿಡಿಬಿ (ಒಂದು ಡಿಬಗರ್, ಅಂದರೆ ಪ್ರೋಗ್ರಾಂ ಒಳಗೆ ಇಣುಕಿ ತಪ್ಪು ಹುಡುಕುವ ಉಪಕರಣ) ಎಂದು ಟೈಪ್ ಮಾಡಿದೆ. ಅಂಥ ಆದೇಶವೇ ಇಲ್ಲ ಎಂದಿತು. ಬೇರೆ ದಾರಿ ಗೊತ್ತಿರಲಿಲ್ಲ. ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದೆ. ತಪ್ಪು ಎಲ್ಲಿದೆ ಎಂದು ತೋರಿಸಬಹುದಾಗಿದ್ದ ಎಲ್ಲ ಕುರುಹುಗಳೂ ಆ ಕ್ಷಣದಲ್ಲೇ ಅಳಿಸಿಹೋದವು.

ಬೆಂಕಿ ಬಿದ್ದಾಗ ಬಾವಿ ತೋಡುವುದು ಎಂದರೆ ಇದೇ. ಡಿಬಗರನ್ನು ಆರಿಸಬೇಕಾದದ್ದು ತೊಂದರೆ ಇಲ್ಲದ ದಿನ, ತಪ್ಪು ಎಲ್ಲಿದೆಯೆಂದು ಮೊದಲೇ ಗೊತ್ತಿರುವ ಒಂದು ಪುಟ್ಟ ಪ್ರೋಗ್ರಾಂ ಇಟ್ಟುಕೊಂಡು. ಕೊಡಗಿನಲ್ಲಿ ಮಳೆಗಾಲಕ್ಕೆ ಮೇ ತಿಂಗಳಲ್ಲೇ ಸೌದೆ ಒಟ್ಟುತ್ತಾರಲ್ಲ, ಹಾಗೆ. ಅದನ್ನು ಹೇಗೆ ಮಾಡಬೇಕೆಂದು ಹಂತಹಂತವಾಗಿ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಸಿ ಮತ್ತು ಸಿ ಪ್ಲಸ್ ಪ್ಲಸ್ ಪ್ರೋಗ್ರಾಂಗಳವು. ಆದೇಶಗಳನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಹಂತ 1: ಆ ಸಿಸ್ಟಂನಲ್ಲಿ ಥ್ರೆಡ್ ಎಂದರೆ ಏನೆಂದು ತಿಳಿಯಿರಿ

ನೀವು ಸೃಷ್ಟಿಸಿದ ಪ್ರತಿ ಥ್ರೆಡ್ಡೂ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ, ಕಾಣುತ್ತದೆಯೇ? ಮೊದಲು ಕೇಳಬೇಕಾದ ಪ್ರಶ್ನೆ ಇದು. ಇಂದಿನ ಬಹುಪಾಲು ಸಿಸ್ಟಂಗಳಲ್ಲಿ ಉತ್ತರ ಹೌದು. ಲಿನಕ್ಸ್‌ನಲ್ಲಿರುವುದು ಒಂದಕ್ಕೆ ಒಂದು ಎಂಬ ಪದ್ಧತಿ: ನಿಮ್ಮ ಪ್ರತಿ ಥ್ರೆಡ್ಡಿಗೂ ಕರ್ನಲ್‌ನಲ್ಲಿ ಒಂದು ಥ್ರೆಡ್. ಫ್ರೀಬಿಎಸ್‌ಡಿ 2008ರ 7.0 ಆವೃತ್ತಿಯಿಂದ ಅದನ್ನೇ ಸಹಜ ಪದ್ಧತಿಯಾಗಿ ಮಾಡಿಕೊಂಡಿತು. ಹೀಗಿದ್ದಾಗ ಡಿಬಗರ್ ತೋರಿಸುವ ಥ್ರೆಡ್‌ಗಳ ಪಟ್ಟಿಯನ್ನು ನಂಬಬಹುದು.

ಗೋ ಭಾಷೆಯ ಗೋರುಟೀನ್‌ಗಳು ಮತ್ತು ಜಾವಾ 21ರ ವರ್ಚುವಲ್ ಥ್ರೆಡ್‌ಗಳ ಸಂಗತಿ ಬೇರೆ. ಸಾವಿರಾರು ಗೋರುಟೀನ್‌ಗಳು ಕೆಲವೇ ಕೆಲವು ಥ್ರೆಡ್‌ಗಳ ಮೇಲೆ ಸವಾರಿ ಮಾಡುತ್ತವೆ. ಜಿಡಿಬಿಗೆ ಕಾಣುವುದು ಕೆಳಗಿನ ಆ ಥ್ರೆಡ್‌ಗಳು. ಗೋ ಬರೆಯುವವರು ಡೆಲ್ವ್ ಎಂಬ ಡಿಬಗರ್ ಬಳಸಬೇಕು. ಜಾವಾದವರು ಜೆಸ್ಟ್ಯಾಕ್‌ನಲ್ಲಿ ವರ್ಚುವಲ್ ಥ್ರೆಡ್‌ಗಳನ್ನು ಹುಡುಕದೆ, ಜೆಸಿಎಂಡಿಯ ಥ್ರೆಡ್ ಡಂಪ್ ಆದೇಶವನ್ನು ಬಳಸಬೇಕು.

ಡಿಬಗರ್ ಮುಟ್ಟುವ ಮುನ್ನ ಥ್ರೆಡ್‌ಗಳನ್ನು ಹೊರಗಿನಿಂದ ನೋಡುವುದನ್ನು ಕಲಿಯಿರಿ. ಲಿನಕ್ಸ್ ಮತ್ತು ಫ್ರೀಬಿಎಸ್‌ಡಿ ಎರಡರಲ್ಲೂ ಟಾಪ್ ಆದೇಶಕ್ಕೆ ದೊಡ್ಡ ಎಚ್ ಆಯ್ಕೆ ಕೊಟ್ಟರೆ ಥ್ರೆಡ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ. ಫ್ರೀಬಿಎಸ್‌ಡಿಯಲ್ಲಿ ಪ್ರಾಕ್‌ಸ್ಟ್ಯಾಟ್ ಎಂಬ ಆದೇಶವೂ ಇದೆ. ಮ್ಯಾಕ್‌ನಲ್ಲಿ ಸ್ಯಾಂಪಲ್ ಎಂಬ ಆದೇಶ ಡಿಬಗರ್ ಇಲ್ಲದೆಯೇ ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದು ಥ್ರೆಡ್ ಈಗ ಎಲ್ಲಿದೆ ಎಂಬ ಪಟ್ಟಿ) ಬರೆದುಕೊಡುತ್ತದೆ. ಒಂದು ಥ್ರೆಡ್ ಪ್ರೊಸೆಸರನ್ನು ಪೂರ್ತಿ ತಿನ್ನುತ್ತಿದ್ದರೆ ಅದು ಎಲ್ಲೋ ಸುತ್ತುತ್ತಿದೆ. ಎಲ್ಲವೂ ಸೊನ್ನೆಯಲ್ಲಿ ಮಲಗಿದ್ದರೆ ಯಾವುದಕ್ಕೋ ಕಾಯುತ್ತಿವೆ. ಇಷ್ಟು ತಿಳಿದರೂ ಅರ್ಧ ದಾರಿ ಸವೆದಂತೆ.

ಹಂತ 2: ಸಿಸ್ಟಂನ ಜೊತೆಗೇ ಏನು ಬಂದಿದೆ ನೋಡಿ

ನನ್ನ ಸಲಹೆ ಸ್ಪಷ್ಟ: ಹೊಸ ಸಿಸ್ಟಂನಲ್ಲಿ ಮೊದಲು ಆ ಸಿಸ್ಟಂ ಕಟ್ಟಿದವರೇ ಬಳಸುವ ಡಿಬಗರನ್ನು ಹಿಡಿಯಿರಿ. ಥ್ರೆಡ್‌ಗಳನ್ನು ಗುರುತಿಸುವುದು, ಒಂದೊಂದಾಗಿ ನಿಲ್ಲಿಸುವುದು, ಬಿಡುವುದು ಎಲ್ಲವೂ ಕರ್ನಲ್ ಮತ್ತು ಥ್ರೆಡ್ ಲೈಬ್ರರಿಯ ಒಳಗುಟ್ಟಿಗೆ ಸೇರಿದ ಕೆಲಸ. ಹೊರಗಿನಿಂದ ತಂದ ಡಿಬಗರ್ ಒಂದೇ ಥ್ರೆಡ್ ಇರುವ ಪ್ರೋಗ್ರಾಂನಲ್ಲಿ ಚೆನ್ನಾಗಿಯೇ ನಡೆದು, ಹಲವು ಥ್ರೆಡ್‌ಗಳಿದ್ದಾಗ ಎಡವುವುದುಂಟು.

ಲಿನಕ್ಸ್‌ನಲ್ಲಿ ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆಯಲು ಆರಂಭಿಸಿದ ಇದು ಅನೇಕ ವಿತರಣೆಗಳಲ್ಲಿ ತಾನಾಗಿ ಬರುವುದಿಲ್ಲ; ಪ್ಯಾಕೇಜ್ ಹಾಕಿಕೊಳ್ಳಬೇಕು. ಫ್ರೀಬಿಎಸ್‌ಡಿಯ ಮೂಲ ಸಿಸ್ಟಂನಲ್ಲಿ ಇರುವುದು ಎಲ್‌ಎಲ್‌ಡಿಬಿ. ಅಲ್ಲಿದ್ದ ಬಹಳ ಹಳೆಯ ಜಿಡಿಬಿಯನ್ನು 2021ರ 13.0 ಆವೃತ್ತಿಯ ಹೊತ್ತಿಗೆ ತೆಗೆದುಹಾಕಿದ್ದರು. ಅಂದು ತೋಟದಲ್ಲಿ ನನಗೆ ಬೇಕಾದದ್ದು ಆ ಯಂತ್ರದಲ್ಲೇ ಇತ್ತು, ಹೆಸರು ಮಾತ್ರ ನನಗೆ ಗೊತ್ತಿರಲಿಲ್ಲ. ಹೊಸ ಜಿಡಿಬಿ ಬೇಕೆಂದರೆ ಪ್ಯಾಕೇಜ್ ಆಗಿ ಸಿಗುತ್ತದೆ. ಓಪನ್‌ಬಿಎಸ್‌ಡಿಯ ಮೂಲ ಸಿಸ್ಟಂನಲ್ಲಿರುವ ಜಿಡಿಬಿ ಹಳೆಯದು. ಪ್ಯಾಕೇಜಿನಿಂದ ಬರುವ ಹೊಸದಕ್ಕೆ ಇಜಿಡಿಬಿ ಎಂದು ಹೆಸರು. ಮ್ಯಾಕ್‌ನಲ್ಲಿ ಎಲ್‌ಎಲ್‌ಡಿಬಿ, ಆಪಲ್‌ನ ಕಮಾಂಡ್ ಲೈನ್ ಟೂಲ್ಸ್ ಜೊತೆಗೆ. ಆಪಲ್‌ನ ಹೊಸ ಚಿಪ್‌ಗಳ ಮ್ಯಾಕ್‌ನಲ್ಲಿ ಜಿಡಿಬಿಗಾಗಿ ಸಮಯ ಕಳೆಯಬೇಡಿ. ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋ ಮತ್ತು ವಿನ್‌ಡಿಬಗ್. ಮೊದಲನೆಯದು ಬರೆಯುವ ಮೇಜಿಗೆ, ಎರಡನೆಯದು ಹೊರಗಿನಿಂದ ಬಂದ ಡಂಪ್ ಕಡತಗಳಿಗೆ (ಪ್ರೋಗ್ರಾಂನ ಮೆಮೊರಿಯನ್ನು ಹಾಗೇ ಬರೆದಿಟ್ಟ ಕಡತ).

ಇಲ್ಲಿನವರಿಗೆ ಇನ್ನೊಂದು ಮಾತು. ಜೂನ್ ಬಂದರೆ ಭಾಗಮಂಡಲ, ಶಾಂತಳ್ಳಿಯಂಥ ಕಡೆ ವಿದ್ಯುತ್ತೂ ನೆಟ್‌ವರ್ಕೂ ಯಾವಾಗ ಹೋಗುತ್ತವೆ, ಯಾವಾಗ ಬರುತ್ತವೆ ಎಂದು ಹೇಳಲಾಗದು. ಡಿಬಗರ್ ಪ್ಯಾಕೇಜ್, ಲೈಬ್ರರಿಗಳ ಡಿಬಗ್ ಮಾಹಿತಿ (ಫಂಕ್ಷನ್‌ಗಳ ಹೆಸರು, ಮೂಲ ಸಾಲುಗಳನ್ನು ಡಿಬಗರ್‌ಗೆ ತಿಳಿಸುವಂಥದ್ದು), ಕೈಪಿಡಿ ಮೂರನ್ನೂ ಅದಕ್ಕೆ ಮುನ್ನವೇ ಇಳಿಸಿಕೊಂಡಿರಿ. 2020ರ ಜಿಡಿಬಿ 10ರಿಂದ ಡಿಬಗ್‌ಇನ್ಫೋಡಿ ಎಂಬ ಸೌಲಭ್ಯವಿದೆ. ಬೇಕಾದ ಡಿಬಗ್ ಮಾಹಿತಿಯನ್ನು ಅದು ಅಂತರ್ಜಾಲದಿಂದ ತಾನೇ ತರುತ್ತದೆ. ಬೆಂಗಳೂರಿನಲ್ಲಿ ಇದು ವರ. ಒಂದೇ ಗೆರೆ ಸಿಗ್ನಲ್ ಇರುವ ತೋಟದಲ್ಲಿ ಡಿಬಗರೇ ಕೆಟ್ಟು ನಿಂತಂತೆ ಕಾಣುತ್ತದೆ. ಅಂಥಲ್ಲಿ ‘ಸೆಟ್ ಡಿಬಗ್‌ಇನ್ಫೋಡಿ ಎನೇಬಲ್ಡ್ ಆಫ್’ ಎಂದು ಕೊಟ್ಟು ಮುಂದೆ ಹೋಗಿ.

ಹಂತ 3: ತಪ್ಪು ಗೊತ್ತಿರುವ ಪರೀಕ್ಷಾ ಪ್ರೋಗ್ರಾಂ ಬರೆಯಿರಿ

ನೂರು ಸಾಲು ಸಾಕು. ಅದರಲ್ಲಿ ಬೇಕೆಂದೇ ಮೂರು ತಪ್ಪುಗಳಿರಲಿ.

ಮೊದಲನೆಯದು ಡೆಡ್‌ಲಾಕ್: ಎರಡು ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತಾ ನಿಂತುಬಿಡುವುದು. ಪಟ್ಟಿಗೆ ಒಂದು ಬೀಗ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಮ್ಯೂಟೆಕ್ಸ್), ಸಂಪರ್ಕಕ್ಕೆ ಇನ್ನೊಂದು ಬೀಗ ಇಡಿ. ಒಂದು ಥ್ರೆಡ್ ಪಟ್ಟಿಯ ಬೀಗ ಹಿಡಿದು, 100 ಮಿಲಿಸೆಕೆಂಡ್ ಮಲಗಿ, ಸಂಪರ್ಕದ ಬೀಗಕ್ಕೆ ಕೈ ಹಾಕಲಿ. ಇನ್ನೊಂದು ಥ್ರೆಡ್ ಅದನ್ನೇ ತಿರುವುಮುರುವಾಗಿ ಮಾಡಲಿ. ಆ ಪುಟ್ಟ ನಿದ್ದೆಯಿಂದಾಗಿ ಪ್ರತಿ ಸಲವೂ ಖಚಿತವಾಗಿ ಸಿಕ್ಕಿಕೊಳ್ಳುತ್ತದೆ. ಎರಡನೆಯದು ಡೇಟಾ ರೇಸ್: ಬೀಗವಿಲ್ಲದ ಒಂದೇ ಎಣಿಕೆಯನ್ನು ಎರಡು ಥ್ರೆಡ್‌ಗಳು ತಲಾ 1,00,000 ಸಲ ಹೆಚ್ಚಿಸಲಿ. ಕೊನೆಗೆ 2,00,000 ಬರಬೇಕಾದಲ್ಲಿ ಕಡಿಮೆ ಬರುತ್ತದೆ. ಮೂರನೆಯದು, ಒಂದು ಸಂಕೇತ ಬದಲಾಗುವವರೆಗೂ ಖಾಲಿ ಲೂಪಿನಲ್ಲಿ ಸುತ್ತುವ ಥ್ರೆಡ್. ಡೆಡ್‌ಲಾಕ್ ಆದರೆ ಪ್ರೋಗ್ರಾಂ ಮುಗಿಯುವುದೇ ಇಲ್ಲವಾದ್ದರಿಂದ, ಮೂರರಲ್ಲಿ ಯಾವುದನ್ನು ನಡೆಸಬೇಕೆಂದು ಆದೇಶದ ಸಾಲಿನಲ್ಲಿ ಒಂದು ಅಂಕಿಯಿಂದ ಹೇಳುವಂತೆ ಮಾಡಿಕೊಳ್ಳಿ.

ಕಂಪೈಲ್ ಮಾಡುವಾಗ ಡಿಬಗ್ ಮಾಹಿತಿಯ ಜಿ ಆಯ್ಕೆ ಇರಲಿ, ಆಪ್ಟಿಮೈಸೇಷನ್ ಪೂರ್ತಿ ನಿಂತಿರಲಿ. ಓ ಎರಡು ಎಂಬ ಆಪ್ಟಿಮೈಸೇಷನ್ ಮಟ್ಟದಲ್ಲಿ ಕಂಪೈಲರ್ ಆ ಲಕ್ಷ ಸಲದ ಲೂಪನ್ನು ಒಂದೇ ಕೂಡಿಕೆಯಾಗಿ ಮಾಡಿಬಿಡುತ್ತದೆ. ಆಗ ರೇಸ್ ಇದ್ದೂ ಕಣ್ಣಿಗೆ ಬೀಳುವುದಿಲ್ಲ. ನಾನು ಇದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಪ್ರತಿ ಥ್ರೆಡ್ಡಿಗೂ ಹೆಸರಿಡಿ. ಐದು ನಿಮಿಷದ ಕೆಲಸ. ಡಿಬಗರ್‌ನ ಪಟ್ಟಿಯಲ್ಲಿ ಸಂಖ್ಯೆಗಳ ಬದಲು ‘ತೂಕ’, ‘ರವಾನೆ’ ಎಂದು ಕಾಣುವಾಗ ಅದರ ಬೆಲೆ ತಿಳಿಯುತ್ತದೆ. ಹೆಸರಿಡುವ ವಿಧಾನ ಒಂದೊಂದು ಸಿಸ್ಟಂನಲ್ಲಿ ಒಂದೊಂದು. ಲಿನಕ್ಸ್‌ನಲ್ಲಿ ಪಿಥ್ರೆಡ್ ಸೆಟ್‌ನೇಮ್ ಎನ್‌ಪಿ ಎಂಬ ಫಂಕ್ಷನ್ ಯಾವ ಥ್ರೆಡ್ಡಿಗಾದರೂ ಹೆಸರಿಡುತ್ತದೆ. ಮ್ಯಾಕ್‌ನಲ್ಲಿ ಅದೇ ಹೆಸರಿನ ಫಂಕ್ಷನ್ ತನ್ನನ್ನು ಕರೆದ ಥ್ರೆಡ್ಡಿಗೆ ಮಾತ್ರ. ವಿಂಡೋಸ್ 10ರ 1607 ಆವೃತ್ತಿಯಿಂದ ಸೆಟ್ ಥ್ರೆಡ್ ಡಿಸ್ಕ್ರಿಪ್ಷನ್ ಇದೆ. ಕನ್ನಡದಲ್ಲಿ ಹೆಸರಿಡಬೇಕೆನ್ನುವವರು ಒಂದು ಲೆಕ್ಕ ನೆನಪಿಡಬೇಕು: ಲಿನಕ್ಸ್‌ನಲ್ಲಿ ಹೆಸರಿಗೆ ಇರುವ ಜಾಗ 15 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಗುಣಿತಚಿಹ್ನೆ ಮತ್ತು ಒತ್ತಿನ ಚಿಹ್ನೆಗಳಿಗೂ ಅಷ್ಟೇ. ‘ತೂಕ’ ಎಂಬುದಕ್ಕೆ 9 ಬೈಟ್, ಹಿಡಿಸುತ್ತದೆ. ‘ತಕ್ಕಡಿ’ ಎಂಬುದಕ್ಕೆ 18 ಬೈಟ್. ಫಂಕ್ಷನ್ ತಪ್ಪು ಸಂಕೇತ ಹಿಂದಿರುಗಿಸುತ್ತದೆ, ಹೆಸರು ಬೀಳುವುದಿಲ್ಲ.

ಹಂತ 4: ಆ ಪ್ರೋಗ್ರಾಂ ಮುಂದಿಟ್ಟು ಡಿಬಗರನ್ನು ಪರೀಕ್ಷಿಸಿ

ಈ ಮಾರ್ಗದರ್ಶಿಯ ತಿರುಳು ಇಲ್ಲಿದೆ. ಪ್ರತಿ ಡಿಬಗರ್‌ಗೂ ಅವೇ ಪ್ರಶ್ನೆ ಕೇಳಿ, ಉತ್ತರ ಎಷ್ಟು ಬೇಗ, ಎಷ್ಟು ನಿಚ್ಚಳವಾಗಿ ಬಂತೆಂದು ಬರೆದುಕೊಳ್ಳಿ.

ನಿಂತುಹೋದ ಪ್ರೋಗ್ರಾಂಗೆ ಹೊರಗಿನಿಂದ ಅಟ್ಯಾಚ್ ಆಗಲು, ಅಂದರೆ ಅಂಟಿಕೊಂಡು ಒಳಗೆ ನೋಡಲು, ಬಿಡುತ್ತದೆಯೇ? ಹೊಸಬರು ಬಹುತೇಕ ಇಲ್ಲೇ ಸೋಲುತ್ತಾರೆ, ಮತ್ತು ಕಾರಣ ಡಿಬಗರ್‌ನಲ್ಲಿ ಇರುವುದೇ ಇಲ್ಲ. ಉಬುಂಟುವಿನಲ್ಲಿ ಯಾಮಾ ಎಂಬ ಭದ್ರತಾ ವ್ಯವಸ್ಥೆಯ ಪಿಟ್ರೇಸ್ ಸ್ಕೋಪ್ ಬೆಲೆ 1 ಆಗಿರುತ್ತದೆ. ಅಂದರೆ ತಾನೇ ಹುಟ್ಟಿಸಿದ ಪ್ರೊಸೆಸ್‌ಗಳನ್ನು ಮಾತ್ರ ಡಿಬಗರ್ ಹಿಡಿಯಬಹುದು. ಬೇರೆಯದಕ್ಕೆ ರೂಟ್ (ಯಂತ್ರದ ಆಡಳಿತಗಾರನ) ಅಧಿಕಾರ ಬೇಕು, ಇಲ್ಲವೇ ಪರೀಕ್ಷೆಯ ಅವಧಿಗೆ ಅದನ್ನು 0 ಮಾಡಬೇಕು. ಫ್ರೀಬಿಎಸ್‌ಡಿ ಹಾಕುವಾಗಲೇ ಭದ್ರತಾ ಆಯ್ಕೆಗಳ ಪರದೆಯಲ್ಲಿ ಸಾಮಾನ್ಯ ಬಳಕೆದಾರರಿಗೆ ಡಿಬಗ್ ಸೌಲಭ್ಯ ಬೇಡ ಎಂಬ ಆಯ್ಕೆ ಬರುತ್ತದೆ. ಅಂದು ಗುರುತು ಹಾಕಿದ್ದನ್ನು ಮರೆತು ಇಂದು ಡಿಬಗರನ್ನು ಬೈಯುವವರಿದ್ದಾರೆ. ಮ್ಯಾಕ್‌ನಲ್ಲಿ ಸಿಸ್ಟಂನದೇ ಪ್ರೋಗ್ರಾಂಗಳನ್ನು ಹಿಡಿಯಲಾಗುವುದಿಲ್ಲ. ಹಾರ್ಡನ್ಡ್ ರನ್‌ಟೈಮ್ ಎಂಬ ಬಿಗಿ ಭದ್ರತೆ ಇರುವ ನಿಮ್ಮ ಪ್ರೋಗ್ರಾಂಗೆ ಸಹಿ ಹಾಕುವಾಗಲೇ ಡಿಬಗ್ ಅನುಮತಿ ಕೊಟ್ಟಿರಬೇಕು.

ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ ಒಂದೇ ಆದೇಶದಲ್ಲಿ ಬರುತ್ತದೆಯೇ? ಜಿಡಿಬಿಯಲ್ಲಿ ‘ಥ್ರೆಡ್ ಅಪ್ಲೈ ಆಲ್ ಬಿಟಿ’, ಎಲ್‌ಎಲ್‌ಡಿಬಿಯಲ್ಲಿ ‘ಬಿಟಿ ಆಲ್’, ವಿನ್‌ಡಿಬಗ್‌ನಲ್ಲಿ ಟಿಲ್ಡೆ, ನಕ್ಷತ್ರ, ಕೆ ಅಕ್ಷರ ಮೂರನ್ನೂ ಜೋಡಿಸಿದ ಆದೇಶ. ಒಂದೇ ಒಂದು ಆದೇಶ ಬಾಯಿಪಾಠ ಮಾಡುವುದಾದರೆ ಇದನ್ನೇ ಮಾಡಿ. ಥ್ರೆಡ್‌ಗಳು ನೂರು ದಾಟಿದರೆ ಒಂದೇ ಬಗೆಯ ಸ್ಟ್ಯಾಕ್‌ಗಳನ್ನು ಗುಂಪಾಗಿಸಿ ತೋರಿಸುವ ಸೌಲಭ್ಯ ಬೇಕಾಗುತ್ತದೆ. ಎಲ್‌ಎಲ್‌ಡಿಬಿಯಲ್ಲಿ ಅದಕ್ಕೆ ‘ಥ್ರೆಡ್ ಬ್ಯಾಕ್‌ಟ್ರೇಸ್ ಯುನೀಕ್’ ಇದೆ. ವಿಷುಯಲ್ ಸ್ಟುಡಿಯೋ 2010ರಲ್ಲಿ ತಂದ ಪ್ಯಾರಲಲ್ ಸ್ಟ್ಯಾಕ್ಸ್ ಕಿಟಕಿ ಅದನ್ನೇ ಮರದ ಕೊಂಬೆಗಳಂತೆ ಬಿಡಿಸಿ ತೋರಿಸುತ್ತದೆ. ಅಷ್ಟು ಸೊಗಸಾದ ನೋಟ ಬೇರೆಲ್ಲೂ ನನಗೆ ಸಿಕ್ಕಿಲ್ಲ.

ಸ್ಟ್ಯಾಕ್ ಓದುವಾಗ ತುದಿಯ ಹೆಸರನ್ನು ಗಮನಿಸಿ. ಬೀಗಕ್ಕೆ ಕಾಯುತ್ತಿರುವ ಥ್ರೆಡ್ ಲಿನಕ್ಸ್‌ನಲ್ಲಿ ಫ್ಯುಟೆಕ್ಸ್ ಅಥವಾ ಎಲ್‌ಎಲ್‌ಎಲ್ ಲಾಕ್ ವೇಟ್ ಎಂಬ ಫಂಕ್ಷನ್‌ನಲ್ಲಿ ನಿಂತಿರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಯುಎಂಟಿಎಕ್ಸ್ ಎಂಬ ಅಕ್ಷರಗಳು ಕಾಣುತ್ತವೆ, ಮ್ಯಾಕ್‌ನಲ್ಲಿ ಪಿಸಿಂಕ್ ಮ್ಯೂಟೆಕ್ಸ್ ವೇಟ್. ಹೊಸ ಸಿಸ್ಟಂನಲ್ಲಿ ಈ ಹೆಸರನ್ನು ಮೊದಲ ದಿನವೇ ಗುರುತಿಸಿಟ್ಟುಕೊಳ್ಳಿ. ಮೂರು ಬಗೆಯ ಸಂಖ್ಯೆಗಳನ್ನೂ ಬೆರೆಸಿಕೊಳ್ಳಬೇಡಿ: ಡಿಬಗರ್ ತಾನೇ ಕೊಡುವ 1, 2, 3, ಕರ್ನಲ್ ಕೊಟ್ಟ ಗುರುತು ಸಂಖ್ಯೆ, ಪಿಥ್ರೆಡ್ ಲೈಬ್ರರಿಯ ಉದ್ದನೆಯ ವಿಳಾಸ. ಟಾಪ್‌ನಲ್ಲಿ ಕಾಣುವುದು ಎರಡನೆಯದು. ಸುತ್ತುತ್ತಿರುವ ಥ್ರೆಡ್ಡನ್ನು ಟಾಪ್‌ನಲ್ಲಿ ಹಿಡಿದು ಡಿಬಗರ್‌ನಲ್ಲಿ ಹುಡುಕಬೇಕಾದರೆ ಈ ಕೊಂಡಿ ತಿಳಿದಿರಲೇಬೇಕು. ಲಿನಕ್ಸ್‌ನ ಜಿಡಿಬಿ ‘ಇನ್ಫೋ ಥ್ರೆಡ್ಸ್’ ಎಂದಾಗ ಎಲ್‌ಡಬ್ಲ್ಯುಪಿ ಎಂಬ ಅಕ್ಷರಗಳ ಪಕ್ಕದಲ್ಲಿ ಅದನ್ನು ತೋರಿಸುತ್ತದೆ.

ಬೀಗ ಯಾರ ಕೈಯಲ್ಲಿದೆ? ಲಿನಕ್ಸ್‌ನಲ್ಲಿ ಮ್ಯೂಟೆಕ್ಸ್ ಅನ್ನು ಪ್ರಿಂಟ್ ಮಾಡಿದರೆ ಓನರ್ ಎಂಬ ಜಾಗದಲ್ಲಿ ಅದನ್ನು ಹಿಡಿದಿರುವ ಥ್ರೆಡ್‌ನ ಕರ್ನಲ್ ಸಂಖ್ಯೆ ಸಿಗುತ್ತದೆ. ಡೆಡ್‌ಲಾಕ್ ಬಿಡಿಸಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ವಿನ್‌ಡಿಬಗ್‌ನಲ್ಲಿ ಆಶ್ಚರ್ಯಚಿಹ್ನೆಯ ಜೊತೆಗೆ ‘ಲಾಕ್ಸ್’ ಎಂದರೆ ಕ್ರಿಟಿಕಲ್ ಸೆಕ್ಷನ್ ಎಂಬ ವಿಂಡೋಸ್ ಬೀಗಗಳ ಒಡೆಯರ ಪಟ್ಟಿ ಬರುತ್ತದೆ. ಫ್ರೀಬಿಎಸ್‌ಡಿಯಲ್ಲಿ ಮ್ಯೂಟೆಕ್ಸ್ ಎಂಬುದು ಒಳಗನ್ನು ತೋರಿಸದ ಒಂದು ಪಾಯಿಂಟರ್. ಥ್ರೆಡ್ ಲೈಬ್ರರಿಯ ಡಿಬಗ್ ಮಾಹಿತಿ ಇಲ್ಲದಿದ್ದರೆ ಏನೂ ಕಾಣುವುದಿಲ್ಲ. ಅಂಥಲ್ಲಿ ನಾನು ಒಂದು ಉಪಾಯ ಮಾಡುತ್ತೇನೆ: ಬೀಗ ಹಿಡಿಯುವ ನನ್ನದೇ ಪುಟ್ಟ ಫಂಕ್ಷನ್‌ನಲ್ಲಿ, ಹಿಡಿದ ಥ್ರೆಡ್‌ನ ಹೆಸರನ್ನು ಬೀಗದ ಪಕ್ಕದಲ್ಲೇ ಬರೆದಿಡುತ್ತೇನೆ.

ಒಂದು ಥ್ರೆಡ್ಡನ್ನು ಮಾತ್ರ ನಡೆಸಿ ಉಳಿದವನ್ನು ಹಿಡಿದಿಡಬಹುದೇ? ಒಂದು ಸಾಲು ಮುಂದೆ ಹೋಗೋಣ ಎಂದು ‘ನೆಕ್ಸ್ಟ್’ ಕೊಟ್ಟರೆ, ಆ ಒಂದು ಸಾಲಿನ ಅವಧಿಯಲ್ಲಿ ಉಳಿದ ಥ್ರೆಡ್‌ಗಳೂ ಓಡಿರುತ್ತವೆ. ಇದು ಗೊತ್ತಿಲ್ಲದವರು, ನೋಡುತ್ತಿದ್ದ ವೇರಿಯಬಲ್ ತಾನೇ ಬದಲಾಯಿತೆಂದು ಗಾಬರಿಯಾಗುತ್ತಾರೆ. ಜಿಡಿಬಿಯಲ್ಲಿ ‘ಸೆಟ್ ಶೆಡ್ಯೂಲರ್ ಲಾಕಿಂಗ್’ ಎಂಬುದಕ್ಕೆ ಆನ್, ಆಫ್, ಸ್ಟೆಪ್ ಎಂಬ ಬೆಲೆಗಳಿವೆ. ‘ಸ್ಟೆಪ್’ ಕೊಟ್ಟರೆ ಹೆಜ್ಜೆಯಿಡುವಾಗ ಮಾತ್ರ ಉಳಿದವು ನಿಂತಿರುತ್ತವೆ. ದಿನನಿತ್ಯಕ್ಕೆ ಅದೇ ಒಳ್ಳೆಯದು. ಎಲ್‌ಎಲ್‌ಡಿಬಿಯಲ್ಲಿ ಹೆಜ್ಜೆಯ ಆದೇಶಕ್ಕೆ ರನ್ ಮೋಡ್ ಎಂಬ ಆಯ್ಕೆ, ವಿಷುಯಲ್ ಸ್ಟುಡಿಯೋದಲ್ಲಿ ಫ್ರೀಜ್ ಮತ್ತು ಥಾ. ಒಂದು ಎಚ್ಚರಿಕೆ ಅಗತ್ಯ. ನೀವು ನಡೆಸುತ್ತಿರುವ ಥ್ರೆಡ್ಡಿಗೆ ಬೇಕಾದ ಬೀಗ, ನೀವೇ ಹಿಡಿದಿಟ್ಟ ಥ್ರೆಡ್‌ನ ಕೈಯಲ್ಲಿದ್ದರೆ ಪ್ರೋಗ್ರಾಂ ಮುಂದೆ ಹೋಗುವುದೇ ಇಲ್ಲ. ಆ ಡೆಡ್‌ಲಾಕ್ ಸೃಷ್ಟಿಸಿದವರು ನೀವು. ಅದನ್ನು ಮೂಲ ತಪ್ಪೆಂದು ಭ್ರಮಿಸಬೇಡಿ.

ಒಂದೇ ಥ್ರೆಡ್ಡಿಗೆ ಬ್ರೇಕ್‌ಪಾಯಿಂಟ್, ಅಂದರೆ ಬಂದೊಡನೆ ನಿಲ್ಲಬೇಕಾದ ಜಾಗದ ಗುರುತು, ಇಡಬಹುದೇ? ಎರಡೂ ಮುಖ್ಯ ಡಿಬಗರ್‌ಗಳಲ್ಲಿ ಆಗುತ್ತದೆ. ಜಿಡಿಬಿಯಲ್ಲಿ ಬ್ರೇಕ್ ಆದೇಶದ ಕೊನೆಗೆ ಥ್ರೆಡ್ ಸಂಖ್ಯೆ ಸೇರಿಸಿ. ಎಲ್‌ಎಲ್‌ಡಿಬಿ ಇನ್ನೂ ಒಂದು ಹೆಜ್ಜೆ ಮುಂದೆ: ಥ್ರೆಡ್‌ನ ಹೆಸರನ್ನೇ ಕೊಡಬಹುದು. ಹೆಸರಿಟ್ಟದ್ದು ಇಲ್ಲಿಯೂ ಕೈಹಿಡಿಯುತ್ತದೆ.

ಒಂದು ಥ್ರೆಡ್ ನಿಂತಾಗ ಉಳಿದವು ಓಡುತ್ತಿರಬಹುದೇ? ತಕ್ಕಡಿಯಂಥ ಉಪಕರಣದಿಂದ ಸತತ ಅಂಕಿ ಬರುತ್ತಿದ್ದರೆ, ಬ್ರೇಕ್‌ಪಾಯಿಂಟ್‌ನಲ್ಲಿ ಇಡೀ ಪ್ರೋಗ್ರಾಂ ನಿಂತ ಹೊತ್ತಿಗೆ ಅಂಕಿಗಳು ಕಳೆದುಹೋಗುತ್ತವೆ. ಲಿನಕ್ಸ್‌ನ ಜಿಡಿಬಿಯಲ್ಲಿ 2009ರ 7.0 ಆವೃತ್ತಿಯಿಂದ ನಾನ್‌ಸ್ಟಾಪ್ ವಿಧಾನವಿದೆ. ಪ್ರೋಗ್ರಾಂ ಶುರುವಾಗುವ ಮುನ್ನವೇ ಅದನ್ನು ಹೇಳಿರಬೇಕು. ನಿಮ್ಮ ಕೆಲಸಕ್ಕೆ ಇದು ಬೇಡವಾದರೆ ಈ ಪ್ರಶ್ನೆ ಬಿಟ್ಟುಬಿಡಿ.

ಕೊನೆಯ ಪ್ರಶ್ನೆ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡದು: ನಿಂತ ಪ್ರೋಗ್ರಾಂನ ಪೂರ್ತಿ ಚಿತ್ರವನ್ನು ಕಡತಕ್ಕೆ ಬರೆದಿಟ್ಟು, ತಕ್ಷಣ ಮತ್ತೆ ಶುರು ಮಾಡಿ, ಆಮೇಲೆ ಬೇರೆ ಕಡೆ ಕುಳಿತು ನೋಡಬಹುದೇ? ಫ್ರೀಬಿಎಸ್‌ಡಿಯಲ್ಲಿ ಜಿಕೋರ್ ಎಂಬ ಆದೇಶ ಮೂಲ ಸಿಸ್ಟಂನಲ್ಲೇ ಇದೆ. ಲಿನಕ್ಸ್‌ನಲ್ಲಿ ಅದೇ ಹೆಸರಿನದು ಜಿಡಿಬಿಯ ಜೊತೆಗೆ ಬರುತ್ತದೆ. ಮ್ಯಾಕ್‌ನ ಎಲ್‌ಎಲ್‌ಡಿಬಿಯಲ್ಲಿ ‘ಪ್ರೊಸೆಸ್ ಸೇವ್ ಕೋರ್’, ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್‌ನಿಂದಲೇ ಡಂಪ್ ಕಡತ. ಕಾದಿರುವ ಜನರನ್ನು ಮುಂದೆ ನಿಲ್ಲಿಸಿಕೊಂಡು ಸ್ಟ್ಯಾಕ್ ಓದುವುದು ಸರಿಯಲ್ಲ. ಚಿತ್ರ ತೆಗೆದು, ಯಂತ್ರವನ್ನು ಅವರಿಗೆ ಬಿಟ್ಟುಕೊಡಬೇಕು. ಹೀಗೆ ಬರೆದಿಟ್ಟ ಚಿತ್ರವನ್ನು, ಅಂದರೆ ಕೋರ್ ಕಡತವನ್ನು, ಬೇರೆ ಯಂತ್ರದಲ್ಲಿ ತೆರೆಯಬೇಕಾದರೆ ಅದೇ ಪ್ರೋಗ್ರಾಂ ಕಡತ, ಅದೇ ಆವೃತ್ತಿಯ ಲೈಬ್ರರಿಗಳು ಬೇಕು. ಪ್ರತಿ ಬಿಡುಗಡೆಯನ್ನೂ ಎತ್ತಿಡಿ. ಆ ಕಡತದೊಳಗೆ ಮೆಮೊರಿಯಲ್ಲಿದ್ದದ್ದೆಲ್ಲ ಇರುತ್ತದೆ, ಕೆಲಸಗಾರರ ಹೆಸರು, ಕೂಲಿಯ ಲೆಕ್ಕ ಕೂಡ. ನೋಡಿ ಮುಗಿದ ಮೇಲೆ ಅಳಿಸಿ. ಯಾರಿಗೂ ಹಾಗೇ ಕಳುಹಿಸಬೇಡಿ.

ಹಂತ 5: ಡಿಬಗರ್‌ಗೆ ಸಿಗದ ತಪ್ಪುಗಳಿಗೆ ಬೇರೆ ಉಪಕರಣ

ಪರೀಕ್ಷಾ ಪ್ರೋಗ್ರಾಂನ ಎರಡನೆಯ ತಪ್ಪನ್ನು, ಅಂದರೆ ಡೇಟಾ ರೇಸನ್ನು, ಬ್ರೇಕ್‌ಪಾಯಿಂಟ್ ಇಟ್ಟು ಹಿಡಿಯಲು ನೋಡಿ. ಬ್ರೇಕ್‌ಪಾಯಿಂಟ್ ಇಟ್ಟೊಡನೆ ಥ್ರೆಡ್‌ಗಳ ಓಟದ ಲಯವೇ ಬದಲಾಗಿ ಮೊತ್ತ ಸರಿಯಾಗಿ ಬಂದುಬಿಡಬಹುದು.

ಇದಕ್ಕೆ ಥ್ರೆಡ್ ಸ್ಯಾನಿಟೈಸರ್ ಬೇಕು. ಕ್ಲ್ಯಾಂಗ್ ಮತ್ತು ಜಿಸಿಸಿ ಎಂಬ ಕಂಪೈಲರ್‌ಗಳೆರಡರಲ್ಲೂ ಇದೆ. ಕಂಪೈಲ್ ಮಾಡುವಾಗ ‘ಎಫ್ ಸ್ಯಾನಿಟೈಸ್’ ಆಯ್ಕೆಗೆ ‘ಥ್ರೆಡ್’ ಎಂದು ಕೊಟ್ಟರೆ ಸಾಕು. ಯಾವ ಎರಡು ಸಾಲುಗಳು ಒಂದೇ ಜಾಗಕ್ಕೆ ಬೀಗವಿಲ್ಲದೆ ಕೈ ಹಾಕಿದವೆಂದು ಸ್ಟ್ಯಾಕ್ ಸಮೇತ ಹೇಳುತ್ತದೆ. ಬೀಗಗಳನ್ನು ಒಂದೊಂದು ಕಡೆ ಒಂದೊಂದು ಕ್ರಮದಲ್ಲಿ ಹಿಡಿದಿದ್ದರೆ, ಪ್ರೋಗ್ರಾಂ ನಿಲ್ಲದಿದ್ದರೂ ಎಚ್ಚರಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆ: ಪ್ರೋಗ್ರಾಂ ಸಾಮಾನ್ಯವಾಗಿ 5ರಿಂದ 15 ಪಟ್ಟು ನಿಧಾನವಾಗುತ್ತದೆ, ಮೆಮೊರಿ 5ರಿಂದ 10 ಪಟ್ಟು ಬೇಕಾಗುತ್ತದೆ. ತೋಟದ ಹಳೆಯ ಯಂತ್ರದಲ್ಲಿ ಇದನ್ನು ನಡೆಸಲು ಹೋಗಬೇಡಿ, ನಿಮ್ಮ ಮೇಜಿನ ಮೇಲೆ ನಡೆಸಿ. ಲಿನಕ್ಸ್, ಮ್ಯಾಕ್, ಫ್ರೀಬಿಎಸ್‌ಡಿಗಳಲ್ಲಿ ಇದು ಸಿಗುತ್ತದೆ, ವಿಂಡೋಸ್‌ನಲ್ಲಿ ಇಲ್ಲ. ವಿಂಡೋಸ್‌ನಲ್ಲೇ ಬೆಳೆದ ನನಗೆ ಹೊಸ ಸಿಸ್ಟಂ ಕೊಟ್ಟ ಅತಿದೊಡ್ಡ ಲಾಭ ಇದು.

ಲಿನಕ್ಸ್‌ನಲ್ಲಿರುವವರಿಗೆ ಆರ್‌ಆರ್ ಎಂಬ ಇನ್ನೊಂದು ಉಪಕರಣವಿದೆ; ಮೊಜಿಲ್ಲಾದಲ್ಲಿ ಹುಟ್ಟಿದ್ದು. ಪ್ರೋಗ್ರಾಂನ ಒಂದು ಓಟವನ್ನು ಪೂರ್ತಿ ದಾಖಲಿಸಿಕೊಂಡು, ಎಷ್ಟು ಸಲ ಬೇಕಾದರೂ ಹಾಗೆಯೇ ಮರುನಡೆಸುತ್ತದೆ, ಹಿಂದಕ್ಕೂ ನಡೆಸುತ್ತದೆ. ದಾಖಲಿಸುವಾಗ ಒಂದು ಹೊತ್ತಿಗೆ ಒಂದೇ ಥ್ರೆಡ್ ಓಡುವುದರಿಂದ ಕೆಲವು ರೇಸ್‌ಗಳು ಅಡಗಿಕೊಳ್ಳುತ್ತವೆ. ಕೇಯಾಸ್ ಆಯ್ಕೆ ಕೊಟ್ಟರೆ ಥ್ರೆಡ್‌ಗಳ ಸರದಿಯನ್ನು ಬೇಕೆಂದೇ ಕಲಕುತ್ತದೆ, ಆಗ ಸಿಗುವ ಸಾಧ್ಯತೆ ಹೆಚ್ಚು. ಪ್ರೊಸೆಸರ್‌ನ ಎಣಿಕೆ ಸೌಲಭ್ಯವನ್ನು ಅದು ಬಳಸುವುದರಿಂದ ಅನೇಕ ವರ್ಚುವಲ್ ಯಂತ್ರಗಳಲ್ಲಿ ನಡೆಯುವುದಿಲ್ಲ, ಮೊದಲೇ ಪರೀಕ್ಷಿಸಿ.

ಹಂತ 6: ಯಂತ್ರ ಒಂದು ಕಡೆ, ನೀವು ಇನ್ನೊಂದು ಕಡೆ

ಗುಡ್ಡದ ಆಚೆಗಿನ ತೋಟಕ್ಕೆ ಪ್ರತಿ ಸಲ ಹೋಗಲಾಗದು. ಚಿತ್ರಮಯ ಪರದೆ ಚೆಂದವೇ, ಆದರೆ ದೂರದ ಯಂತ್ರಕ್ಕೆ ಅದನ್ನು ಎಳೆದುಕೊಂಡು ಹೋಗಲು ಒಳ್ಳೆಯ ಸಂಪರ್ಕ ಬೇಕು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸೇರಿಸುವ ಎಸ್‌ಎಸ್‌ಎಚ್ ಮೂಲಕ ಟರ್ಮಿನಲ್‌ನಲ್ಲಿ ನಡೆಯುವ ಡಿಬಗರ್ ದುರ್ಬಲ ಸಂಪರ್ಕದಲ್ಲೂ ಉಸಿರಾಡುತ್ತದೆ. ಹಾಗಾಗಿ ಚಿತ್ರಮಯ ಪರದೆಯನ್ನು ಇಷ್ಟಪಡುವವರೂ ಹತ್ತು ಟರ್ಮಿನಲ್ ಆದೇಶಗಳನ್ನು ಕಲಿತಿರಬೇಕೆಂಬುದು ನನ್ನ ಒತ್ತಾಯ. ಜಿಡಿಬಿಯ ಟಿಯುಐ ವಿಧಾನದಲ್ಲಿ ಟರ್ಮಿನಲ್‌ನಲ್ಲೇ ಮೂಲ ಸಾಲುಗಳು ಮೇಲ್ಭಾಗದಲ್ಲಿ ಕಾಣುತ್ತವೆ.

ಡಿಬಗರನ್ನು ಯಾವಾಗಲೂ ಟಿಮಕ್ಸ್ ಎಂಬ ಪ್ರೋಗ್ರಾಂ ಒಳಗೆ ನಡೆಸಿ. ಸಂಪರ್ಕ ಕಡಿದರೂ ಡಿಬಗರ್ ಅಲ್ಲೇ ಉಳಿದಿರುತ್ತದೆ. ಡಿಬಗರ್‌ನಿಂದಲೇ ಶುರು ಮಾಡಿದ ಪ್ರೋಗ್ರಾಂ ಡಿಬಗರ್ ಮುಚ್ಚಿದಾಗ ಸಾಯುತ್ತದೆ. ಹೊರಗಿನಿಂದ ಅಟ್ಯಾಚ್ ಆದದ್ದಕ್ಕೆ ‘ಡಿಟ್ಯಾಚ್’ ಕೊಟ್ಟು ಹೊರಬನ್ನಿ. ದೂರದ ಯಂತ್ರದಲ್ಲಿ ಜಿಡಿಬಿ ಸರ್ವರ್ ಇಟ್ಟು ನಿಮ್ಮ ಕಡೆಯಿಂದ ಸೇರಿಕೊಳ್ಳುವುದೂ ಒಳ್ಳೆಯ ದಾರಿ, ಆದರೆ ಅದಕ್ಕೆ ಪಾಸ್‌ವರ್ಡ್ ಇಲ್ಲ. ಲೋಕಲ್‌ಹೋಸ್ಟ್‌ಗೆ (ಅಂದರೆ ಆ ಯಂತ್ರಕ್ಕೆ) ಮಾತ್ರ ತೆರೆದು, ಎಸ್‌ಎಸ್‌ಎಚ್ ಸುರಂಗದ ಮೂಲಕವೇ ಹೋಗಿ.

ಹಂತ 7: ಆರಿಸಿದ್ದನ್ನು ಸಜ್ಜು ಮಾಡಿಡಿ

ನಾಲ್ಕನೆಯ ಹಂತದ ಪ್ರಶ್ನೆಗಳಲ್ಲಿ ಅಟ್ಯಾಚ್, ಎಲ್ಲ ಸ್ಟ್ಯಾಕ್, ಕೋರ್ ಕಡತ ಈ ಮೂರಕ್ಕೂ ತೊಡಕಿಲ್ಲದೆ ಉತ್ತರ ಕೊಟ್ಟದ್ದನ್ನು ಆರಿಸಿ. ಮಿಕ್ಕವುಗಳಲ್ಲಿ ಕೊರತೆ ಇದ್ದರೆ ದಾರಿ ಹುಡುಕಿಕೊಳ್ಳಬಹುದು. ಎರಡು ಸರಿಸಮ ಎನಿಸಿದರೆ, ನಿಮ್ಮ ಬೆರಳಿಗೆ ಮೊದಲೇ ಅಭ್ಯಾಸವಿರುವ ಆದೇಶಗಳದ್ದೇ ಇರಲಿ.

ಜಿಡಿಬಿಯ ಆರಂಭಿಕ ಕಡತದಲ್ಲಿ ‘ಸೆಟ್ ಪ್ಯಾಜಿನೇಷನ್ ಆಫ್’ ಮತ್ತು ‘ಸೆಟ್ ಪ್ರಿಂಟ್ ಥ್ರೆಡ್ ಈವೆಂಟ್ಸ್ ಆಫ್’ ಎರಡನ್ನೂ ಬರೆಯಿರಿ. ಉದ್ದನೆಯ ಸ್ಟ್ಯಾಕ್ ನಡುವೆ ನಿಲ್ಲುವುದಿಲ್ಲ, ಥ್ರೆಡ್ ಹುಟ್ಟಿದ ಸತ್ತ ಸುದ್ದಿಗಳು ಪರದೆ ತುಂಬುವುದಿಲ್ಲ. ಮುಖ್ಯ ಆದೇಶಗಳನ್ನು ಅರ್ಧ ಹಾಳೆಯಲ್ಲಿ ಬರೆದು ಯಂತ್ರದ ಪಕ್ಕದಲ್ಲೇ ಅಂಟಿಸಿ. ಮೊಬೈಲಿನಲ್ಲಿ ಇಟ್ಟುಕೊಂಡದ್ದು ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನಾನು ತೋಟದ ಯಂತ್ರದಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟೆ: ಜಿಕೋರ್ ನಡೆಸುವುದು, ಪ್ರೋಗ್ರಾಂ ನಿಲ್ಲಿಸುವುದು, ಮತ್ತೆ ಶುರು ಮಾಡುವುದು. ಪರದೆ ನಿಂತರೆ ಒತ್ತಬೇಕಾದ ಕೀಲಿ ಯಾವುದೆಂದು ರೈಟರ್‌ಗೆ ತೋರಿಸಿಕೊಟ್ಟೆ. ಫೆಬ್ರವರಿಯಲ್ಲಿ ಅದು ಮತ್ತೆ ನಿಂತಿತು. ಅವರು ಕೀಲಿ ಒತ್ತಿದರು, ತೂಕ ಮುಂದುವರಿಯಿತು. ಮರುದಿನ ಮಡಿಕೇರಿಗೆ ಬರುತ್ತಿದ್ದ ಪಿಕಪ್‌ನಲ್ಲಿ ಪೆನ್‌ಡ್ರೈವ್ ಕಳುಹಿಸಿದರು. ಎಲ್‌ಎಲ್‌ಡಿಬಿಯಲ್ಲಿ ಕೋರ್ ತೆರೆದು ‘ಬಿಟಿ ಆಲ್’ ಕೊಟ್ಟೆ. ‘ರವಾನೆ’ ಥ್ರೆಡ್ ಸಂಪರ್ಕದ ಬೀಗ ಹಿಡಿದು ಪಟ್ಟಿಯ ಬೀಗಕ್ಕೆ ಕಾಯುತ್ತಿತ್ತು. ಬರೆಯುವ ಥ್ರೆಡ್ ಪಟ್ಟಿಯ ಬೀಗ ಹಿಡಿದು ಸಂಪರ್ಕದ ಬೀಗಕ್ಕೆ ಕಾಯುತ್ತಿತ್ತು. ನೆಟ್‌ವರ್ಕ್ ಕಡಿದು ಮತ್ತೆ ಬಂದಾಗ ಮಾತ್ರ ‘ರವಾನೆ’ ಹಿಡಿಯುತ್ತಿದ್ದ ದಾರಿ ಅದು. ಈಗ ಬರೆಯುವ ಥ್ರೆಡ್ ಪಟ್ಟಿಯ ಬೀಗವನ್ನು ಬಿಟ್ಟ ನಂತರವೇ ಸಂಪರ್ಕದ ಬೀಗಕ್ಕೆ ಕೈ ಹಾಕುತ್ತದೆ. ಬದಲಾದದ್ದು ನಾಲ್ಕು ಸಾಲು.